ಕಂಬ ಕುಸಿದ ಗಣಿ, ಬತ್ತಿದ ಬಾವಿ

‘ಗಣಿ’ ಎಂಬುದು ‘ಖನಿ’ ಎಂಬ ಸಂಸ್ಕೃತ ಶಬ್ದದ ತದ್ಭವ. ‘ಬಾವಿ’ ಎಂಬುದು ‘ವಾಪಿ’ ಶಬ್ದದ ತದ್ಭವ. ವ್ಯಾಕರಣದ ತರಗತಿಯಲ್ಲಿ ಇವೆರಡನ್ನೂ ಬೇರೆ ಬೇರೆ ಸೂತ್ರಗಳ ಕೆಳಗೆ ಹೇಳಿ ಮುಗಿಸುವುದು ವಾಡಿಕೆ. ನೆಲದೊಳಗೆ ಮಾತ್ರ ಇವು ನೆರೆಹೊರೆಯವು. ಒಂದನ್ನು ತೋಡುವವನು ಲೋಹವನ್ನೋ ಕಲ್ಲಿದ್ದಲನ್ನೋ ಉಪ್ಪನ್ನೋ ಬಯಸಿ ತೋಡುತ್ತಾನೆ. ಇನ್ನೊಂದನ್ನು ತೋಡುವವನು ನೀರನ್ನು ಬಯಸಿ ತೋಡುತ್ತಾನೆ. ಇಬ್ಬರೂ ಅಗೆಯುವುದು ಒಂದೇ ನೆಲವನ್ನು. ಗಣಿಯ ಛಾವಣಿ ಕುಸಿದಾಗ ನೆರೆಯ ಬಾವಿಗಳ ನೀರಿಗೆ ಏನಾಗುತ್ತದೆ, ಮೇಲಿನ ಹೊಲಮನೆಗಳ ನೆಲ ಏಕೆ ತಗ್ಗುತ್ತದೆ, ತಗ್ಗಿದ ನೆಲ ಮತ್ತೆ ಏಳುವುದೋ ಇಲ್ಲವೋ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ಗಣಿಯ ಗೊಡವೆಯೇಕೆ ಎಂದು ಕೇಳುವವರು ಇರಬಹುದು. ನಮ್ಮ ಪ್ರಸಾದನಿಲಯದಲ್ಲಿರುವ ಹುಡುಗರಲ್ಲಿ ಹಟ್ಟಿಯ ಕಡೆಯಿಂದ ಬಂದವರುಂಟು, ಸಂಡೂರಿನ ಕಡೆಯಿಂದ ಬಂದವರುಂಟು. ಇವರ ಮನೆಯ ಹಿರಿಯರಲ್ಲಿ ಕೆಲವರು ಗಣಿಯಲ್ಲಿ ದುಡಿಯುವವರು. ಉಳಿದವರು ಬಾವಿಯ ನೀರಿನಿಂದ ಬೇಸಾಯ ಮಾಡುವವರು. ಒಂದೇ ಮನೆಯಲ್ಲಿ ಇಬ್ಬರೂ ಇರುವುದು ಅಪರೂಪವಲ್ಲ. ಅಂಥ ಮನೆಯ ಮಕ್ಕಳು ಈ ವಿಷಯವನ್ನು ತಮ್ಮ ಭಾಷೆಯಲ್ಲಿಯೇ ಓದಿ ತಿಳಿಯುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಮೊದಲು ಅಂತರ್ಜಲವೆಂದರೇನೆಂಬುದನ್ನು ಸರಿಯಾಗಿ ಗ್ರಹಿಸಬೇಕು. ಪಾತಾಳದಲ್ಲಿ ಒಂದು ಗಂಗೆ ಹರಿಯುತ್ತಿರುವಳೆಂದೂ, ಬಾವಿಯು ಆ ಹೊಳೆಗೆ ತೆಗೆದ ಕಿಂಡಿಯೆಂದೂ ಜನರಲ್ಲಿ ಒಂದು ಭಾವನೆಯುಂಟು. ಕಾವ್ಯದಲ್ಲಿ ಇದು ಶೋಭಿಸುವ ಮಾತು. ವಾಸ್ತವದಲ್ಲಿ ನೆಲದಡಿಯ ನೀರು ಬಹುಮಟ್ಟಿಗೆ ಮರಳಿನ ಕಣಗಳ ನಡುವಣ ಸಂದುಗಳಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ತುಂಬಿಕೊಂಡು, ಒಸರುತ್ತ, ಅತಿ ಮೆಲ್ಲನೆ ಸರಿಯುತ್ತಿರುತ್ತದೆ. ಒಂದು ಕೊಡದ ತುಂಬ ಮರಳನ್ನು ಹಾಕಿ, ಮೇಲಿನಿಂದ ನೀರೆರೆದು ನೋಡಿರಿ. ಕೊಡ ತುಂಬಿದೆಯೆಂದು ಕಂಡರೂ ಮರಳು ಸಾಕಷ್ಟು ನೀರನ್ನು ಹೀರಿಕೊಳ್ಳುತ್ತದೆ. ಹೀಗೆ ನೀರನ್ನು ಹಿಡಿದಿಟ್ಟು, ಬೇಡಿದಾಗ ಬಿಟ್ಟುಕೊಡಬಲ್ಲ ಮರಳು, ಗರಸು ಅಥವಾ ಬಿರುಕುಬಿಟ್ಟ ಬಂಡೆಯ ಪದರಕ್ಕೆ ಜಲಧರ ಸ್ತರವೆಂದು ಹೆಸರು. ಜೇಡಿಯೂ ನೀರನ್ನು ಹಿಡಿಯುತ್ತದೆ, ಹಿಡಿದುದನ್ನು ಬಿಡಲು ಒಲ್ಲದು. ಈ ಭೇದವನ್ನು ನೆನಪಿನಲ್ಲಿಡತಕ್ಕದ್ದು. ಮುಂದೆ ಇದರ ಪ್ರಯೋಜನವಿದೆ.

ಇನ್ನು ಗಣಿಯ ವಿಷಯ. ನಮ್ಮ ಸೀಮೆಯ ಮಾಳಿಗೆಮನೆಯನ್ನು ಕಂಡವರಿಗೆ ಗಣಿಯನ್ನು ತಿಳಿಸುವುದು ಕಷ್ಟವಲ್ಲ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಹೊರೆ. ಗಣಿಗಾರನು ಮಾಡುವುದು ಈ ಕ್ರಮಕ್ಕೆ ತಿರುಗುಮುರುಗಾದ ಕೆಲಸ. ಹೊರೆ ಮೊದಲೇ ಇದೆ. ಅದರ ಕೆಳಗಿನ ಕಲ್ಲನ್ನು ಕೊರೆದು ಕೋಣೆಗಳನ್ನು ಮಾಡುತ್ತ, ನಡುನಡುವೆ ಕೊರೆಯದೆ ಬಿಟ್ಟ ಕಲ್ಲನ್ನೇ ಕಂಬವಾಗಿ ಉಳಿಸುತ್ತಾನೆ. ಕೋಣೆಯ ಮೇಲಿದ್ದ ಭಾರವೆಲ್ಲ ಈಗ ಕಂಬಗಳ ಪಾಲಿಗೆ ಬರುತ್ತದೆ. ನೂರು ಪಾಲು ನೆಲದಲ್ಲಿ ಐವತ್ತು ಪಾಲು ಕೊರೆದರೆ ಉಳಿದ ಐವತ್ತರ ಮೇಲೆ ಭಾರ ಇಮ್ಮಡಿಯಾಗುತ್ತದೆ. ಎಪ್ಪತ್ತೈದು ಪಾಲು ಕೊರೆದರೆ ನಾಲ್ಮಡಿಯಾಗುತ್ತದೆ. ಕಂಬ ಕಿರಿದಾದಷ್ಟೂ ಲಾಭ ಹಿರಿದು. ಗಣಿಯ ಲೆಕ್ಕಾಚಾರವೆಲ್ಲ ಈ ಎರಡರ ನಡುವಣ ಜಗ್ಗಾಟವೇ.

ಕಂಬ ತಾಳಲಾರದೆ ಒಡೆದಾಗ ಛಾವಣಿ ಬೀಳುತ್ತದೆ. ಬಿದ್ದ ಕಲ್ಲು ಪುಡಿಯಾಗಿ ಗುಡ್ಡೆಯಾಗುತ್ತದೆ. ಅದರ ಮೇಲಿನ ಕಲ್ಲು ಪೂರ್ತಿ ಬೀಳದೆ ಸೀಳಿ ಬಿರುಕುಬಿಡುತ್ತದೆ. ಅದಕ್ಕೂ ಮೇಲಿನ ಪದರಗಳು ಹಳೆಯ ತೊಲೆ ಜೋತಂತೆ ಬಾಗುತ್ತವೆ. ಇಲ್ಲೊಂದು ಸ್ವಾರಸ್ಯವಿದೆ. ಗಟ್ಟಿಕಲ್ಲು ಒಡೆದು ಚೂರಾದರೆ ಹೆಚ್ಚು ಜಾಗವನ್ನು ಬೇಡುತ್ತದೆ. ಕಲ್ಲು ಒಡೆದಾಗ ಅದರ ಗಾತ್ರ ಕಾಲುಪಾಲು ಹೆಚ್ಚುವುದೆಂದು ಇಟ್ಟುಕೊಳ್ಳೋಣ. ಹತ್ತು ಅಡಿ ಎತ್ತರದ ಕೋಣೆಯ ಮೇಲೆ ನಲವತ್ತು ಅಡಿ ಕಲ್ಲು ಕಳಚಿಬಿದ್ದರೆ ಅದು ಐವತ್ತು ಅಡಿಯ ರಾಶಿಯಾಗುತ್ತದೆ. ಎಂದರೆ ತಾನು ಬಿಟ್ಟುಬಂದ ನಲವತ್ತು ಅಡಿಯನ್ನೂ ಕೋಣೆಯ ಹತ್ತು ಅಡಿಯನ್ನೂ ತುಂಬಿ, ಮುಂದಿನ ಕುಸಿತಕ್ಕೆ ತಾನೇ ಅಡ್ಡಗಾಲಾಗುತ್ತದೆ. ಆಳದ ಗಣಿ ಕುಸಿದರೆ ಮೇಲಿನವರಿಗೆ ಬಾಧೆಯಿಲ್ಲವೆಂದು ಹಲವರು ನಂಬುವುದಕ್ಕೆ ಈ ಲೆಕ್ಕವೇ ಆಧಾರ. ಲೆಕ್ಕ ತಪ್ಪಲ್ಲ, ಅದರಲ್ಲಿ ನೀರನ್ನು ಹಿಡಿದಿಲ್ಲ, ಅಷ್ಟೆ. ನೀರು ಬಂದು ಸೇರಿದರೆ ಲೆಕ್ಕ ಹೇಗೆ ಬುಡಮೇಲಾಗುವುದೆಂಬುದಕ್ಕೆ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ರೆಟ್ಸಾಫ್ ಎಂಬ ಉಪ್ಪಿನ ಗಣಿಯ ವೃತ್ತಾಂತಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ. ಆದಕಾರಣ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಈ ಹೆಸರಿನಲ್ಲಿಯೇ ಒಂದು ಚಮತ್ಕಾರವಿದೆ. ಗಣಿಯ ಸ್ಥಾಪಕರಲ್ಲೊಬ್ಬನ ಹೆಸರು ಫಾಸ್ಟರ್. ಅದನ್ನು ರೋಮನ್ ಲಿಪಿಯಲ್ಲಿ ಕೊನೆಯಿಂದ ಮೊದಲಿಗೆ ಓದಿದರೆ ರೆಟ್ಸಾಫ್ ಎಂದಾಗುತ್ತದೆ. ನಮ್ಮ ಆಲಂಕಾರಿಕರು ಗತಪ್ರತ್ಯಾಗತವೆಂದು ಕರೆದ ಚಿತ್ರಕವಿತ್ವದ ಜಾತಿಗೆ ಸೇರಿದ ಆಟವಿದು. ಉಪ್ಪಿನ ವ್ಯಾಪಾರಿಗಳಿಗೂ ಈ ಚಾಪಲ್ಯ ಇದ್ದಿತೆಂಬುದು ನನಗೆ ಸೋಜಿಗವನ್ನುಂಟುಮಾಡಿತು.

ರಾಚೆಸ್ಟರ್ ನಗರದ ದಕ್ಷಿಣಕ್ಕೆ ಜೆನೆಸೀ ಎಂಬ ನದಿಯ ಕಣಿವೆಯುಂಟು. ಅಲ್ಲಿ ೧೮೮೫ರಲ್ಲಿ ಗಣಿ ಆರಂಭವಾಯಿತು. ಉಪ್ಪಿನ ಪದರ ಸುಮಾರು ೧,೧೦೦ ಅಡಿ ಆಳದಲ್ಲಿದೆ. ಚಳಿಗಾಲದಲ್ಲಿ ಹೆದ್ದಾರಿಗಳ ಮೇಲೆ ಹೆಪ್ಪುಗಟ್ಟುವ ಹಿಮವನ್ನು ಕರಗಿಸಲು ಆ ದೇಶದಲ್ಲಿ ಉಪ್ಪನ್ನು ರಸ್ತೆಗೆ ಎರಚುತ್ತಾರೆ. ಗಣಿಯ ಉಪ್ಪಿಗೆ ಅದರಿಂದ ದೊಡ್ಡ ಗಿರಾಕಿ. ನೂರು ವರ್ಷಗಳಿಗೂ ಹೆಚ್ಚು ಕಾಲ ಕೊರೆದು ಕೊರೆದು, ನೆಲದಡಿಯಲ್ಲಿ ಆರು ಸಾವಿರ ಎಕರೆಗೂ ಮೀರಿ ಅದು ಹಬ್ಬಿತ್ತು. ಆ ದೇಶದ ಅತಿ ದೊಡ್ಡ ಉಪ್ಪಿನ ಗಣಿಯೆಂಬ ಖ್ಯಾತಿ ಅದಕ್ಕಿತ್ತು. ಗಣಿಯ ಮೇಲೆ ಜೇಡಿಕಲ್ಲು, ಸುಣ್ಣಕಲ್ಲುಗಳ ಪದರಗಳು. ಅವುಗಳ ಮೇಲೆ, ಪ್ರಾಚೀನ ಹಿಮಯುಗದಲ್ಲಿ ಹಿಮನದಿಗಳು ತಂದು ಸುರಿದ ಮರಳು, ಗರಸು, ಜೇಡಿಗಳು ನೂರಾರು ಅಡಿ ದಪ್ಪಕ್ಕೆ ಕಣಿವೆಯನ್ನು ತುಂಬಿವೆ. ಈ ತುಂಬಿನ ತಳದಲ್ಲಿ, ಬಂಡೆಗೆ ತಾಗಿದಂತೆ, ಗರಸುಮರಳಿನ ಒಂದು ಜಲಧರ ಸ್ತರವಿದೆ. ಗಣಿಗೂ ಈ ನೀರಿಗೂ ನಡುವೆ ಬಂಡೆಯ ಪದರಗಳು ಮುಚ್ಚಳದಂತೆ ಇದ್ದುದರಿಂದಲೇ ಗಣಿ ಅಷ್ಟು ಕಾಲ ಒಣಗಿದ್ದಿತು.

ಮೊದಲು ಕಂಬಗಳು ದೊಡ್ಡವಾಗಿದ್ದವು. ೧೯೯೦ರ ದಶಕದ ಆರಂಭದಲ್ಲಿ ಕೆಲವು ಹೊಸ ಭಾಗಗಳಲ್ಲಿ ಕಂಬಗಳನ್ನು ಕಿರಿದಾಗಿಸುವ ಕ್ರಮವನ್ನು ಹಿಡಿದರು. ಸಣ್ಣ ಕಂಬಗಳು ಭಾರಕ್ಕೆ ಮೆಲ್ಲನೆ ಮಣಿಯುವುವು, ಭಾರವು ಅಂಚಿನಲ್ಲಿರುವ ದೊಡ್ಡ ಆಧಾರಗಳಿಗೆ ಸರಿಯುವುದು, ಛಾವಣಿ ಬಾಗಿದರೂ ಒಡೆಯದು—ಇದು ಆ ಕ್ರಮದ ತರ್ಕ. ಇಡೀ ಘಟನೆಯನ್ನು ಲೋಭದ ಕಥೆಯೆಂದು ಬರೆದುಬಿಡುವುದು ಸುಲಭ. ನನಗೆ ಅದು ಪೂರ್ಣ ಸತ್ಯವೆಂದು ತೋರದು. ಛಾವಣಿಯ ಮೇಲೆ ಒತ್ತಡಕ್ಕೆ ಸಿಕ್ಕಿದ್ದ ಉಪ್ಪುನೀರು ಮತ್ತು ಅನಿಲದ ತಾಣವಿದ್ದು, ಕುಸಿತಕ್ಕೆ ಅದೂ ಪಾಲುಗಾರವಾಗಿತ್ತೆಂದು ಬಳಿಕ ಪರಿಶೀಲಿಸಿದ ಕೆಲವು ಭೂವಿಜ್ಞಾನಿಗಳು ಅಭಿಪ್ರಾಯಪಟ್ಟರು. ಕಾಣದುದನ್ನು ಇಲ್ಲವೆಂದು ಎಣಿಸಿ ಕಂಬದ ಅಳತೆಯನ್ನು ನಿರ್ಧರಿಸಿದಾಗ ಒದಗುವ ಅಪಾಯ ಎಂಥದೆಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

೧೯೯೪ನೆಯ ಇಸವಿ ಮಾರ್ಚ್ ೧೨ರ ಬೆಳಗಿನ ಜಾವ ಕಣಿವೆ ನಡುಗಿತು. ಭೂಕಂಪಮಾಪಕಗಳು ೩.೬ರ ಪ್ರಮಾಣವನ್ನು ದಾಖಲಿಸಿದವು. ಅದು ಭೂಕಂಪವಾಗಿರಲಿಲ್ಲ, ಕೈಲರ್‌ವಿಲ್ ಎಂಬ ಹಳ್ಳಿಯ ಸಮೀಪ ಗಣಿಯೊಳಗೆ ಸುಮಾರು ಐನೂರು ಅಡಿ ಉದ್ದ, ಐನೂರು ಅಡಿ ಅಗಲದ ಒಂದು ಭಾಗದ ಛಾವಣಿ ಒಮ್ಮೆಗೇ ಕುಸಿದಿತ್ತು. ಮನುಷ್ಯರಿಗೆ ಪ್ರಾಣಹಾನಿಯಾಗಲಿಲ್ಲ. ಗಣಿಯೊಳಕ್ಕೆ ಮೊದಲು ಉಪ್ಪುನೀರೂ ಅನಿಲವೂ ನುಗ್ಗಿದವು. ಅನಂತರ ಸಿಹಿನೀರು ಬರತೊಡಗಿತು. ಮುಚ್ಚಳ ಒಡೆದು ಕಣಿವೆಯ ತಳದ ಜಲಧರ ಸ್ತರಕ್ಕೆ ಬಾಯಿ ಬಿದ್ದಿತೆಂಬುದಕ್ಕೆ ಈ ಸಿಹಿನೀರೇ ಸಾಕ್ಷಿ. ಉಪ್ಪಿನ ಗಣಿಗೆ ಸಿಹಿನೀರಿಗಿಂತ ದೊಡ್ಡ ಶತ್ರುವಿಲ್ಲ. ಉಪ್ಪುಂಡ ನೀರು ತಣಿದಿರುತ್ತದೆ, ಮತ್ತೆ ಉಪ್ಪನ್ನು ಕರಗಿಸದು. ಸಿಹಿನೀರು ಕಂಬಗಳನ್ನೇ ಉಣ್ಣತೊಡಗುತ್ತದೆ. ಕೆಲವೇ ವಾರಗಳಲ್ಲಿ ಪಕ್ಕದ ಇನ್ನೊಂದು ಭಾಗವೂ ಕುಸಿಯಿತು.

ಒಡೆದ ಕಲ್ಲು ಉಬ್ಬಿ ಕುಸಿತವನ್ನು ತಡೆಯಬೇಕಾಗಿದ್ದ ಲೆಕ್ಕ ಇಲ್ಲಿ ನಡೆಯಲಿಲ್ಲ. ಕಲ್ಲಿನ ಪದರ ದಾಟಿದ ಮೇಲೆ ಇದ್ದುದು ಸಡಿಲವಾದ ಮರಳು ಮಣ್ಣು. ಧಾರೆಗಟ್ಟಿದ ನೀರು ಅದನ್ನು ಕೊಚ್ಚಿಕೊಂಡು ಗಣಿಯ ಖಾಲಿ ಕೋಣೆಗಳಿಗೆ ಒಯ್ಯಿತು. ಕೆಳಗೆ ಎಷ್ಟು ತುಂಬಿದರೂ ಜಾಗ ಮಿಗುತ್ತಿತ್ತು. ಆರು ಸಾವಿರ ಎಕರೆಯ ಮನೆ ಅದು! ಹೀಗಾಗಿ ೧,೧೦೦ ಅಡಿ ಆಳದ ಕುಸಿತ ಹೊಗೆಗೂಡಿನಂತೆ ಮೇಲೇರಿ ನೆಲವನ್ನು ಮುಟ್ಟಿತು. ಹೊಲಗಳ ನಡುವೆ ನೂರಾರು ಅಡಿ ಅಗಲದ ಎರಡು ಕುಳಿಗಳು ಬಾಯಿಬಿಟ್ಟವು. ಬಿಯರ್ಡ್ಸ್ ಕ್ರೀಕ್ ಎಂಬ ಹಳ್ಳದ ಮೇಲೆ ಹೆದ್ದಾರಿಗಿದ್ದ ಸೇತುವೆ ಕುಸಿಯಿತು.

ಗಣಿಯೊಳಗೆ ನೀರು ಬರುವ ರಭಸ ತಿಂಗಳು ತಿಂಗಳಿಗೆ ಹೆಚ್ಚುತ್ತ ಹೋಗಿ ನಿಮಿಷವೊಂದಕ್ಕೆ ಐವತ್ತು ಸಾವಿರ ಲೀಟರನ್ನು ಮೀರಿತು. ಹತ್ತು ಸಾವಿರ ಲೀಟರು ಹಿಡಿಯುವ ಐದು ಟ್ಯಾಂಕರುಗಳನ್ನು ನಿಮಿಷನಿಮಿಷಕ್ಕೂ, ಹಗಲಿರುಳೆನ್ನದೆ, ಒಂದು ಬಿಲದೊಳಕ್ಕೆ ಸುರಿದಂತೆ ಎಂದು ಭಾವಿಸಿಕೊಳ್ಳಿ. ಪಂಪುಗಳಿಂದ ನೀರೆತ್ತಿಯೂ, ಗಾರೆಯನ್ನು ಒತ್ತಿ ತುಂಬಿಯೂ ತಡೆಯಲು ಮಾಡಿದ ಯತ್ನಗಳು ಫಲಿಸಲಿಲ್ಲ. ಸುಮಾರು ಇಪ್ಪತ್ತೊಂದು ತಿಂಗಳಲ್ಲಿ, ೧೯೯೫ರ ಅಂತ್ಯದ ಹೊತ್ತಿಗೆ, ಇಡೀ ಗಣಿ ನೀರಿನಿಂದ ತುಂಬಿಹೋಯಿತು. ಗಣಿ ಕಂಪನಿಯ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು. ಕಣಿವೆಯ ಒಕ್ಕಲು ಮಕ್ಕಳ ಪಾಲಿಗೆ ಅದು ಬೇರೆ ಬಗೆಯಲ್ಲಿ ಮುಂದುವರಿಯಿತು.

ಆ ಸಾವಿರಾರು ಕೋಟಿ ಲೀಟರು ನೀರು ಎಲ್ಲಿಂದ ಬಂದಿತು? ಬಹುಪಾಲು ಬಾವಿಗಳ ನೀರೇ ಬಂದಿತು. ಧಾನ್ಯ ತುಂಬಿದ ಕಣಜದ ಬುಡದ ಕಿಂಡಿಯನ್ನು ತೆರೆದಾಗ ಮೇಲೆ ಏನಾಗುವುದೆಂದು ಹಳ್ಳಿಯ ಮಕ್ಕಳು ಬಲ್ಲರು. ಕಿಂಡಿಯ ನೇರಕ್ಕೆ ಲಾಳಿಕೆಯಂಥ ತಗ್ಗು ಮೂಡಿ, ಹೊತ್ತು ಕಳೆದಂತೆ ಅದರ ಅಂಚು ಹಿಗ್ಗುತ್ತದೆ. ಅಂತರ್ಜಲದ ಮಟ್ಟವೂ ಹಾಗೆಯೇ ತಗ್ಗಿತು. ಕುಸಿತದ ಸಮೀಪದಲ್ಲಿ ನೀರಿನ ಮಟ್ಟ ನಾನೂರು ಅಡಿಗಳವರೆಗೂ ಇಳಿಯಿತು. ಲಾಳಿಕೆಯ ಅಂಚು ಕಣಿವೆಯುದ್ದಕ್ಕೂ ಮೈಲಿಗಟ್ಟಲೆ ಚಾಚಿತು. ಗಣಿಯ ಒಂದು ಕೋಣೆಯೂ ತಮ್ಮ ನೆಲದ ಕೆಳಗಿಲ್ಲದವರ ಬಾವಿಗಳು ಬತ್ತಿದವು. ಗಣಿಗೆ ನಕ್ಷೆಯಲ್ಲಿ ಎಲ್ಲೆಯುಂಟು, ಗುತ್ತಿಗೆಯ ಕಾಗದದಲ್ಲಿ ಚಕ್ಕುಬಂದಿಯುಂಟು. ಹಾನಿಯು ಆ ಚಕ್ಕುಬಂದಿಯನ್ನು ನೋಡದೆ ಜಲಧರ ಸ್ತರವನ್ನು ಹಿಡಿದು ನಡೆಯಿತು. ಈ ಲೇಖನದಿಂದ ವಿದ್ಯಾರ್ಥಿಗಳು ಒಂದನ್ನೇ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಲಿ.

ಕೆಲವು ಬಾವಿಗಳಲ್ಲಿ ನೀರಿಗೆ ಬದಲಾಗಿ ಅನಿಲ ಬಂದಿತೆಂದರೆ ಆಶ್ಚರ್ಯವಾದೀತು. ಸೋಡಾ ಬಾಟಲಿಯ ಮುಚ್ಚಳವನ್ನು ತೆಗೆದಾಗ ಒತ್ತಡ ಇಳಿದು, ನೀರಿನಲ್ಲಿ ಅಡಗಿದ್ದ ಅನಿಲ ಗುಳ್ಳೆಗಟ್ಟಿ ಹೊರಬರುವುದಷ್ಟೆ. ಆಳದ ನೀರಿನಲ್ಲಿ ಕರಗಿದ್ದ ದಹ್ಯ ಅನಿಲವೂ ನೀರಿನ ಒತ್ತಡ ಇಳಿದೊಡನೆ ಹಾಗೆಯೇ ಬಿಡುಗಡೆ ಹೊಂದಿತು.

ನೆಲ ತಗ್ಗುವುದಕ್ಕೆ ಛಾವಣಿ ಬೀಳುವುದೊಂದೇ ಕಾರಣವಲ್ಲ. ಇಲ್ಲಿ ಕಾರ್ಲ್ ಟೆರ್ಜಾಗಿ ಎಂಬ ವಿದ್ವಾಂಸನ ಹೆಸರನ್ನು ಹೇಳಬೇಕು. ಮಣ್ಣಿನ ಯಂತ್ರಶಾಸ್ತ್ರಕ್ಕೆ ತಳಹದಿ ಹಾಕಿದ ಅವನ ಜರ್ಮನ್ ಗ್ರಂಥ ಪ್ರಕಟವಾದುದು ೧೯೨೫ರಲ್ಲಿ. ನೀರು ತುಂಬಿದ ಮಣ್ಣಿನ ಮೇಲೆ ಬೀಳುವ ಭಾರವನ್ನು ಮಣ್ಣಿನ ಕಣಗಳೊಂದೇ ಹೊರುವುದಿಲ್ಲ, ಸಂದುಗಳಲ್ಲಿನ ನೀರೂ ತನ್ನ ಒತ್ತಡದಿಂದ ಒಂದು ಪಾಲನ್ನು ಹೊರುತ್ತದೆ ಎಂಬುದು ಅವನು ಸ್ಥಾಪಿಸಿದ ತತ್ತ್ವ. ನೀರು ಹೋದರೆ ಅದು ಹೊತ್ತಿದ್ದ ಪಾಲು ಕಣಗಳ ಮೇಲೆ ಬೀಳುತ್ತದೆ, ಕಣಗಳು ಒತ್ತೊತ್ತಾಗಿ ಕೂಡುತ್ತವೆ, ನೆಲ ತಗ್ಗುತ್ತದೆ. ಗರಸು ಮರಳುಗಳಲ್ಲಿ ಈ ತಗ್ಗು ಅಲ್ಪ, ನೀರು ಮರಳಿ ಬಂದರೆ ಅದು ಬಹುಮಟ್ಟಿಗೆ ನೆಟ್ಟಗಾಗುವುದೂ ಉಂಟು. ಜೇಡಿಯಲ್ಲಿ ಹಾಗಲ್ಲ. ಜೇಡಿಯ ಕಣಗಳು ತೆಳ್ಳನೆಯ ಹಾಳೆಗಳಂಥವು. ನೀರನ್ನು ಕಳೆದುಕೊಂಡು ಒಂದರ ಮೇಲೊಂದು ಅಡಕವಾಗಿ ಮಲಗಿದ ಮೇಲೆ ಮತ್ತೆ ಮೊದಲಿನಂತೆ ಏಳಲಾರವು. ಜೇಡಿಯು ಹಿಡಿದ ನೀರನ್ನು ಸುಲಭವಾಗಿ ಬಿಡದೆಂದು ಹಿಂದೆ ಹೇಳಿದೆ. ಆದುದರಿಂದಲೇ ಈ ತಗ್ಗುವಿಕೆ ಒಂದು ದಿನದ ಕೆಲಸವಲ್ಲ. ಬಾವಿ ಬತ್ತಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಗೋಡೆಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಬಿರುಕಿಗೂ ಗಣಿಗೂ ಸಂಬಂಧವನ್ನು ತೋರಿಸಿಕೊಡುವುದು ಮನೆಯವನಿಗೆ ದುಸ್ಸಾಧ್ಯವಾಗುತ್ತದೆ.

ಗಣಿ ತುಂಬಿದ ಬಳಿಕ ಜೆನೆಸೀ ಕಣಿವೆಯ ಅಂತರ್ಜಲ ಮೆಲ್ಲಮೆಲ್ಲನೆ ಮತ್ತೆ ಏರಿತು. ಸೋರುವ ಕೊಡದ ಕೆಳಗಿಟ್ಟ ಪಾತ್ರೆ ತುಂಬಿದ ಮೇಲೆ ಕೊಡದ ನೀರು ನಿಲ್ಲುವಂತೆ ಇದು. ಹಾಗಾದರೆ ಎಲ್ಲವೂ ಸರಿಹೋಯಿತೇ ಎಂದರೆ ಇಲ್ಲ. ಗಣಿಯಲ್ಲಿ ತುಂಬಿದ ನೀರು ಉಪ್ಪನ್ನುಂಡು ಗಡುಸು ಉಪ್ಪುನೀರಾಗಿತ್ತು. ಉಪ್ಪುನೀರು ಸಿಹಿನೀರಿಗಿಂತ ಭಾರ; ತಾನಾಗಿ ಮೇಲೇರದು. ಆದರೆ ಕಲ್ಲುಪ್ಪಿಗೆ ಒಂದು ವಿಚಿತ್ರ ಸ್ವಭಾವವಿದೆ. ಬಹುಕಾಲದ ಒತ್ತಡಕ್ಕೆ ಸಿಕ್ಕಿದಾಗ ಅದು ಕಲ್ಲಿನಂತೆ ವರ್ತಿಸದೆ ನಾದಿದ ಹಿಟ್ಟಿನಂತೆ ಮೆಲ್ಲನೆ ಜರುಗುತ್ತದೆ. ಮೇಲಿನ ಸಾವಿರ ಅಡಿ ಬಂಡೆಯ ಭಾರಕ್ಕೆ ಗಣಿಯ ಕೋಣೆಗಳು ವರ್ಷವರ್ಷಕ್ಕೂ ಮುಚ್ಚಿಕೊಳ್ಳುತ್ತ ಬರುವಾಗ ಒಳಗಿನ ಉಪ್ಪುನೀರಿಗೆ ಹೋಗಲು ಒಂದೇ ದಾರಿ: ಕುಸಿತದಿಂದ ಉಂಟಾದ ಆ ಒಡಕುಗಲ್ಲಿನ ಹೊಗೆಗೂಡು. ಅದರ ಮೂಲಕ ಉಪ್ಪು ಸಿಹಿನೀರಿನ ಸ್ತರದ ಕಡೆಗೆ ಏರತೊಡಗಿತು. ಅದನ್ನು ತಡೆಯಲು ೨೦೦೬ರಿಂದ ಉಪ್ಪುನೀರನ್ನು ನಡುವೆಯೇ ಪಂಪಿನಿಂದ ಎತ್ತುವ ಯೋಜನೆಯನ್ನು ನಡೆಸಬೇಕಾಯಿತು. ಕಂಬಗಳು ಒಡೆದುದು ಒಂದು ಬೆಳಗಿನ ಜಾವ. ಹನ್ನೆರಡು ವರ್ಷಗಳ ಅನಂತರವೂ ಅದರ ನೀರನ್ನು ಎತ್ತುತ್ತಿದ್ದರು.

ಉಪ್ಪಿನ ಗಣಿಗಳ ಮಾತು ಬಂದುದರಿಂದ ಇನ್ನೆರಡು ಪ್ರಸಂಗಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ೧೯೮೦ರ ನವೆಂಬರ್ ೨೦ರಂದು ಅಮೆರಿಕದ ಲೂಸಿಯಾನಾದಲ್ಲಿ ಪೆನ್ಯೂರ್ ಎಂಬ ಸರೋವರದಲ್ಲಿ ಎಣ್ಣೆಗಾಗಿ ಕೊರೆಯುತ್ತಿದ್ದ ಬೈರಿಗೆ ಕೆಳಗಿದ್ದ ಉಪ್ಪಿನ ಗಣಿಯೊಳಕ್ಕೆ ತೂರಿತೆಂದು ತಿಳಿಯಲಾಗಿದೆ. ಗಂಟೆಗಳೊಳಗೆ ಸರೋವರವೇ ಗಣಿಯೊಳಕ್ಕೆ ಬಸಿದುಹೋಯಿತು. ಸರೋವರದಿಂದ ಸಮುದ್ರದ ಕಡೆಗೆ ಹರಿಯುತ್ತಿದ್ದ ಕಾಲುವೆ ಹಿಮ್ಮುಖವಾಗಿ ಹರಿಯಿತು. ಒಳಗಿದ್ದ ೫೫ ಮಂದಿ ಕೆಲಸಗಾರರೂ ಬದುಕಿ ಹೊರಬಂದರು. ಹತ್ತು ಹನ್ನೊಂದು ಅಡಿ ಆಳವಿದ್ದ ಸಿಹಿನೀರಿನ ಸರೋವರ ಈಗ ಕೆಲವೆಡೆ ಇನ್ನೂರು ಅಡಿ ಆಳದ ಸವುಳು ನೀರಿನ ತಾಣ. ಬ್ರೆಜಿಲ್ ದೇಶದ ಮಸೆಯೊ ಎಂಬ ನಗರದಲ್ಲಿ ಕೊಳವೆಯಿಂದ ನೀರನ್ನು ಒಳಬಿಟ್ಟು, ಉಪ್ಪನ್ನು ಕರಗಿಸಿ ಮೇಲೆತ್ತುವ ಮೂವತ್ತೈದು ಬಾವಿಗಳಿದ್ದವು. ೨೦೧೮ರ ಮಾರ್ಚಿಯಲ್ಲಿ ನಗರ ನಡುಗಿ ಮನೆಗಳು ಬಿರಿದವು. ಉಪ್ಪು ತೆಗೆದುದೇ ಕಾರಣವೆಂದು ಆ ದೇಶದ ಭೂವೈಜ್ಞಾನಿಕ ಸಂಸ್ಥೆ ೨೦೧೯ರಲ್ಲಿ ನಿರ್ಣಯಿಸಿತು. ಸುಮಾರು ಅರವತ್ತು ಸಾವಿರ ಜನ ಮನೆ ಬಿಟ್ಟು ಹೋಗಬೇಕಾಯಿತು. ೨೦೨೩ರ ಡಿಸೆಂಬರ್ ೧೦ರಂದು ಅವುಗಳಲ್ಲೊಂದು ಬಾವಿಯ ಪೊಳ್ಳು ಪಕ್ಕದ ಹಿನ್ನೀರಿನ ಕೆಳಗೆ ಕುಸಿಯಿತು.

ನಮ್ಮ ದೇಶದಲ್ಲಿ ನೀರು ಮತ್ತು ಗಣಿಗಳ ಸಂಬಂಧವನ್ನು ನೆನೆದಾಗ ಮೊದಲು ಕಣ್ಣಮುಂದೆ ಬರುವುದು ಧನಬಾದಿನ ಬಳಿಯ ಚಾಸ್ನಾಲಾ. ೧೯೭೫ರ ಡಿಸೆಂಬರ್ ೨೭ರಂದು ಅಲ್ಲಿಯ ಕಲ್ಲಿದ್ದಲ ಗಣಿಗೆ, ನೀರು ತುಂಬಿ ನಿಂತಿದ್ದ ಹಳೆಯ ತೋಡುಗಳಿಂದ, ನಡುವಣ ತಡೆ ಒಡೆದು ನೀರು ನುಗ್ಗಿತು. ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಮಡಿದರು. ರೆಟ್ಸಾಫಿನಲ್ಲಿ ನೀರು ಬಾವಿಗಳನ್ನು ಬತ್ತಿಸಿ ಗಣಿಗೆ ಬಂದಿತು. ಚಾಸ್ನಾಲಾದಲ್ಲಿ ಹಿಂದಿನವರು ಬಿಟ್ಟುಹೋದ ಪೊಳ್ಳಿನಲ್ಲಿ ನಿಂತ ನೀರೇ ಮುಂದಿನವರ ಮೇಲೆ ಬಿತ್ತು. ಅದೇ ಸೀಮೆಯ ಝರಿಯಾದಲ್ಲಿ ೧೯೧೬ರಿಂದ ನೆಲದಡಿಯಲ್ಲಿ ಬೆಂಕಿಯಿದೆ. ನೆಲ ಕುಸಿದು ಬಿರಿದಲ್ಲೆಲ್ಲ ಗಾಳಿ ಒಳಹೊಕ್ಕು ಬೆಂಕಿಯನ್ನು ಪೋಷಿಸುತ್ತದೆ. ಬೆಂಕಿಯು ಕಲ್ಲಿದ್ದಲ ಕಂಬಗಳನ್ನು ಸುಟ್ಟು ಮತ್ತೆ ನೆಲವನ್ನು ಕುಸಿಯಗೊಡುತ್ತದೆ. ಖಾಲಿಯಾದ ಕೋಣೆಗಳಿಗೆ ದಾಮೋದರ ನದಿಯ ಮರಳನ್ನು ನೀರಿನೊಡನೆ ಕಲಸಿ ಕೊಳವೆಯ ಮೂಲಕ ತುಂಬುವ ಕ್ರಮ ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತುಂಬಿದ ಕಡೆ ನೆಲ ತಗ್ಗುವುದು ಬಹಳ ಕಡಿಮೆ. ಮರಳಿಗೂ ಕೂಲಿಗೂ ಹಣ ಬೇಕು. ತುಂಬುವ ಮಾತು ಬಂದಾಗ ಕೈ ಹಿಂದೆಗೆಯುವುದು ಗಣಿಯ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ನಮ್ಮ ಕೋಲಾರದ ಚಿನ್ನದ ಗಣಿಯ ಜಾತಿ ಬೇರೆ. ಅಲ್ಲಿರುವುದು ಕಗ್ಗಲ್ಲು, ಅದು ನೀರಿನಲ್ಲಿ ಕರಗದು, ಹಿಟ್ಟಿನಂತೆ ಜರುಗದು. ಮೂರು ಕಿಲೋಮೀಟರಿಗೂ ಮೀರಿ ಇಳಿದಿದ್ದ ಆ ಗಣಿಯಲ್ಲಿ ಕಲ್ಲು ಅಪಾರ ಒತ್ತಡಕ್ಕೆ ಸಿಕ್ಕಿ ಒಮ್ಮೊಮ್ಮೆ ಸಿಡಿಯುತ್ತಿತ್ತು. ಮೇಲಿನ ಮನೆಗಳವರೆಗೂ ಅದರ ನಡುಕ ಬರುತ್ತಿತ್ತು. ಈ ವಿದ್ಯೆಯ ವಿಚಾರಣೆಗಾಗಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ೧೯೮೮ರಲ್ಲಿ ಅಲ್ಲಿಯೇ ಸ್ಥಾಪಿತವಾದುದು ಉಚಿತವೇ ಆಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರೇರಿತು. ನೀರೇರಿದ ಬಳಿಕವೂ ನಡುಕಗಳು ದಾಖಲಾಗಿವೆ.

ಕಗ್ಗಲ್ಲಿನ ಸೀಮೆಯವರು ಗಮನಿಸಬೇಕಾದುದು ಇನ್ನೊಂದಿದೆ. ಜೆನೆಸೀ ಕಣಿವೆಯಂತೆ ನಮ್ಮಲ್ಲಿ ನೀರು ಮರಳಿನ ಹಾಸಿನಲ್ಲಿ ಎಲ್ಲೆಡೆಗೂ ಹರಡಿಕೊಂಡಿಲ್ಲ. ಬಂಡೆಯ ಬಿರುಕುಗಳಲ್ಲಿ ಸೆಲೆಯಾಗಿ ನಿಂತಿದೆ. ಆದುದರಿಂದ ಗಣಿಯು ಒಂದು ಬಿರುಕನ್ನು ಕಡಿದರೆ ಆ ಬಿರುಕನ್ನು ನೆಚ್ಚಿದ ದೂರದ ಬಾವಿ ಬತ್ತೀತು, ಪಕ್ಕದ ಬಾವಿಗೆ ಏನೂ ಆಗದಿದ್ದೀತು. ‘ಅವನ ಬಾವಿಯಲ್ಲಿ ನೀರಿದೆಯಲ್ಲ, ನಿನ್ನದು ಮಳೆಯಿಲ್ಲದೆ ಬತ್ತಿದೆ’ ಎಂಬ ಉತ್ತರಕ್ಕೆ ಇದು ಎಡೆಗೊಡುತ್ತದೆ. ನಿಜವಾಗಿ ಮಳೆಯಿಲ್ಲದೆ ಬತ್ತಿದ ಬಾವಿಗಳೂ, ನೆರೆಯ ಕೊಳವೆಬಾವಿಗಳಿಂದ ಬತ್ತಿದವೂ ನಮ್ಮಲ್ಲಿ ಬೇಕಾದಷ್ಟಿರುವುದರಿಂದ ಆ ಉತ್ತರವನ್ನು ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಬತ್ತಿದ ಮೇಲೆ ಬಾವಿಯನ್ನು ತೋರಿಸಿದರೆ ಅದು ಏನನ್ನೂ ಹೇಳದು. ಬತ್ತುವ ಮುನ್ನ ವರ್ಷವರ್ಷಕ್ಕೂ ಬರೆದಿಟ್ಟ ಅಳತೆ ಮಾತ್ರ ಹೇಳಬಲ್ಲದು.

ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ, ಜನವರಿಯಲ್ಲಿ, ಬೇಸಿಗೆಯಲ್ಲಿ, ಆಗಸ್ಟಿನಲ್ಲಿ, ನವೆಂಬರಿನಲ್ಲಿ ಅಳೆಯುತ್ತದೆ. ಎಲ್ಲ ಊರುಗಳಲ್ಲಿಯೂ ಅಂಥ ಬಾವಿಯಿಲ್ಲ. ತೆರೆದ ಬಾವಿಯುಳ್ಳ ಊರಿನ ವಿದ್ಯಾರ್ಥಿಗಳು ಈ ಕೆಲಸವನ್ನು ತಾವೇ ಮಾಡಬಹುದು. ಹಿಗ್ಗದ ಹಗ್ಗಕ್ಕೆ ಕಲ್ಲಿನ ಗುಂಡನ್ನು ಕಟ್ಟಿ, ಅಡಿಗೊಂದು ಗಂಟು ಹಾಕಿಕೊಳ್ಳತಕ್ಕದ್ದು. ಬಾವಿಯ ಕಟ್ಟೆಯ ಮೇಲೆ ಸುಣ್ಣದಿಂದ ಒಂದು ಗುರುತು ಮಾಡಿ, ಪ್ರತಿ ಬಾರಿಯೂ ಆ ಗುರುತಿನಿಂದಲೇ ಹಗ್ಗವನ್ನು ಇಳಿಬಿಡಬೇಕು. ಕ್ರಮೇಣ ಕಟ್ಟೆಯನ್ನು ಎತ್ತರಿಸಿದರೆ ಅದನ್ನೂ ಬರೆಯಬೇಕು. ಪಂಪು ನಿಂತು ರಾತ್ರಿ ಕಳೆದ ಮೇಲೆ, ಬೆಳಗ್ಗೆ ನೀರು ಸೇದುವ ಮುನ್ನ ಅಳೆಯುವುದು ಉತ್ತಮ. ತಾರೀಖು, ಹೊತ್ತು, ಗುರುತಿನಿಂದ ನೀರಿನವರೆಗಿನ ಆಳ, ಹಿಂದಿನ ವಾರ ಮಳೆ ಬಿದ್ದಿತೋ ಇಲ್ಲವೋ, ಅಳೆದವನ ಸಹಿ—ಇಷ್ಟನ್ನು ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಶಾಯಿಯಿಂದ ಬರೆದು, ಶಾಲೆಯ ಕಪಾಟಿನಲ್ಲಿ ಇರಿಸತಕ್ಕದ್ದು.